ಎರಡು ರೂಪಾಯಿ ಐವತ್ತೈದು ಪೈಸೆ



ಈ ಸಲ ಬರೆಯುವ ಸರದಿ ನಮ್ಮ ಮೂವರದ್ದು. ಕಾಲೇಜಿನಲ್ಲಿ ಕಂಪ್ಯೂಟರ್ ಓದುವವರು ಎಂದು ಊರಲ್ಲಿ ನಮಗೆ ಸ್ವಲ್ಪ ಹೆಸರುಂಟು. ಮೊಬೈಲ್ ಹಾಳಾದರೆ, ಪ್ರಿಂಟರ್ ನಿಂತರೆ, ಪೆನ್ಷನ್ ಅರ್ಜಿ ಹಾಕಬೇಕಾದರೆ ಕರೆ ಬರುವುದು ನಮಗೇ. ಹಾಗೆ ಬಂದ ಹೆಸರಿನ ಅಹಂಕಾರದಲ್ಲಿ ನಾವು ಮಾಡಿದ ಒಂದು ತಪ್ಪಿನ ಬಗ್ಗೆ ಇವತ್ತು ಬರೆಯುತ್ತಿದ್ದೇವೆ. ತಪ್ಪು ತೀರಾ ಸಣ್ಣದು, ಅಳತೆಯಲ್ಲಿ ಒಂದೇ ಒಂದು ಬೈಟ್. ಆದರೆ ಅದರಿಂದಾಗಿ ಏನೂ ಮಾಡದ ಒಬ್ಬ ಅಣ್ಣನಿಗೆ ವಾರಗಟ್ಟಲೆ ಕಳ್ಳನೆಂಬ ಹೆಸರು ಬಂತು.

ನಮ್ಮೂರು ಕಾಸರಗೋಡು ಜಿಲ್ಲೆಯ ಒಳಭಾಗದಲ್ಲಿದೆ. ಅಡಿಕೆ ತೋಟ, ಮನೆಗೆ ಒಂದೆರಡು ದನ. ಬೆಳಿಗ್ಗೆ ಸಂಜೆ ಹಾಲು ತೆಗೆದುಕೊಳ್ಳುವ ಒಂದು ಸಣ್ಣ ಕೇಂದ್ರ ಉಂಟು. ಅಲ್ಲಿ ಹಾಲು ಅಳೆಯುವ ಅಣ್ಣ ಅಳತೆಯನ್ನು ಬಾಯಿಯಲ್ಲಿ ಹೇಳಿ ತನ್ನ ಪುಸ್ತಕದಲ್ಲಿ ಬರೆಯುತ್ತಾನೆ, ಮತ್ತೆ ಕಂಪ್ಯೂಟರಿಗೆ ಹಾಕುತ್ತಾನೆ. ಶನಿವಾರ ಸಂಜೆ ಲೆಕ್ಕದ ಪಟ್ಟಿ ಪ್ರಿಂಟ್ ಆಗುತ್ತದೆ. ಪಟ್ಟಿಯಲ್ಲಿದ್ದಷ್ಟು ದುಡ್ಡನ್ನು ಕವರಿಗೆ ಹಾಕಿ ಅವನೇ ಹಂಚುತ್ತಾನೆ. ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟದ್ದು ನಾವು. ಆಗಷ್ಟೇ ಸಿ ಭಾಷೆ ಕಲಿತಿದ್ದೆವು, ಬೇರೆ ಯಾವುದೂ ಸರಿಯಾಗಿ ಬರುತ್ತಿರಲಿಲ್ಲ. ಕೇಂದ್ರದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದರಲ್ಲಿ ಓಡಿಸಿದೆವು. ಒಂದು ವರ್ಷ ಒಂದು ಪೈಸೆಯ ವ್ಯತ್ಯಾಸವೂ ಬರಲಿಲ್ಲ.

ಪಟ್ಟಿಯಲ್ಲಿ ಹೆಸರುಗಳಿದ್ದದ್ದು ಇಂಗ್ಲಿಷಿನಲ್ಲಿ. ನಮ್ಮ ಕಡೆಯ ಹಿರಿಯರು ಹೆಚ್ಚಿನವರೂ ಹಳೇ ಕನ್ನಡ ಶಾಲೆಗಳಲ್ಲಿ ನಾಲ್ಕು, ಐದು ಕಲಿತವರು. ಸರಕಾರಿ ಕಾಗದ ಹೆಚ್ಚಾಗಿ ಮಲಯಾಳದಲ್ಲಿ ಬರುತ್ತದೆ, ಬ್ಯಾಂಕಿನದ್ದು ಇಂಗ್ಲಿಷಿನಲ್ಲಿ. ಒಂದು ಶನಿವಾರ ಒಬ್ಬರು ಅಜ್ಜಿ ಪಟ್ಟಿಯ ಮುಂದೆ ನಿಂತು, "ಮಕ್ಕಳೇ, ನನ್ನ ಹೆಸರು ಎಲ್ಲುಂಟು ಅಂತ ಇನ್ನೊಬ್ಬರ ಹತ್ತಿರ ಕೇಳಬೇಕಲ್ಲ, ಕನ್ನಡದಲ್ಲಿ ಹಾಕಲಿಕ್ಕೆ ಆಗುವುದಿಲ್ಲವಾ?" ಎಂದರು. ಆಗುತ್ತದೆ ಎಂದೆವು. ಎರಡು ದಿನ ಕೂತು ಎಲ್ಲರ ಹೆಸರನ್ನೂ ಕನ್ನಡದಲ್ಲಿ ಟೈಪ್ ಮಾಡಿ ಒಂದು ಬೇರೆ ಫೈಲಿನಲ್ಲಿಟ್ಟೆವು. ಪ್ರೋಗ್ರಾಂ ಶುರುವಾದಾಗ ಮೊದಲು ಬಾಕಿ ಲೆಕ್ಕವನ್ನು ಓದಬೇಕು, ಆಮೇಲೆ ಈ ಹೆಸರುಗಳನ್ನು ಓದಬೇಕು, ಅಷ್ಟೇ ಬದಲಾವಣೆ. ಮುಂದಿನ ಶನಿವಾರ ಅಜ್ಜಿ ತನ್ನ ಹೆಸರಿನ ಮೇಲೆ ಬೆರಳಿಟ್ಟು ತಾನೇ ಓದಿಕೊಂಡರು. ನಮಗೆ ತುಂಬಾ ಖುಷಿಯಾಯಿತು.

ಅದೇ ಅಜ್ಜಿ ಮೂರು ವಾರ ಕಳೆದು ಗೋಡೆಯ ಕ್ಯಾಲೆಂಡರನ್ನು ಸುರುಳಿ ಸುತ್ತಿ ಹಿಡಿದುಕೊಂಡು ಬಂದರು. ಪ್ರತಿ ದಿನದ ಚೌಕದಲ್ಲಿ ಬೆಳಗಿನ ಅಳತೆ, ಸಂಜೆಯ ಅಳತೆ, ದುಡ್ಡು. "ನನ್ನ ಲೆಕ್ಕಕ್ಕೂ ಕವರಿಗೂ ಹೊಂದುವುದಿಲ್ಲ. ವಾರಕ್ಕೆ ಹದಿನೈದು ಹದಿನಾರು ರೂಪಾಯಿ ಕಡಿಮೆ ಉಂಟು."

ನಾವು ಪ್ರೋಗ್ರಾಮನ್ನು ನಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದೆವು. ಎಲ್ಲ ಸರಿ ಇತ್ತು. ಆಗ ನಾವು ಹೇಳಿದ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ: "ಅಜ್ಜಿ, ಕಂಪ್ಯೂಟರ್ ತಪ್ಪು ಮಾಡುವುದಿಲ್ಲ. ಹಾಕಿದ್ದನ್ನು ಕೂಡಿಸುತ್ತದೆ, ಅಷ್ಟೇ." ಸುತ್ತ ಹತ್ತು ಹನ್ನೆರಡು ಜನ ಇದ್ದರು. ನಾವು ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಕಂಪ್ಯೂಟರ್ ಸರಿ ಎಂದಾದರೆ ಉಳಿದವನು ಅದಕ್ಕೆ ಹಾಕುವವನು ಮಾತ್ರ. ಮುಂದಿನ ವಾರದಿಂದ ಕವರ್ ಹಂಚುವ ಕೆಲಸವನ್ನು ಅವನಿಂದ ತೆಗೆದರು. ಅವನು ತನ್ನ ಪುಸ್ತಕವನ್ನು ಮುಂದೆ ಚಾಚಿ, "ಇದನ್ನೊಮ್ಮೆ ನೋಡಿ ಮಾರಾಯ್ರೆ" ಎಂದದ್ದಕ್ಕೆ ನಾವು, "ಕೈಯಲ್ಲಿ ಬರೆದದ್ದರಲ್ಲಿ ತಪ್ಪು ಬರುತ್ತದಲ್ಲ ಅಣ್ಣ" ಎಂದೆವು.

ಇಲ್ಲಿ ಸ್ವಲ್ಪ ಪಾಠ ಹೇಳಬೇಕು. ಸಿ ಭಾಷೆಯಲ್ಲಿ ಮೆಮೊರಿ ಎಂದರೆ ಸಾಲಾಗಿ ಇರುವ ಗದ್ದೆಗಳಿದ್ದ ಹಾಗೆ, ನಡುವೆ ಬದುವೂ ಇಲ್ಲ, ಬೇಲಿಯೂ ಇಲ್ಲ. ಇಷ್ಟು ಜಾಗ ಹೆಸರಿಗೆ, ಇಷ್ಟು ಜಾಗ ದುಡ್ಡಿಗೆ ಎಂದು ನಾವು ಮನಸ್ಸಿನಲ್ಲಿ ಗೆರೆ ಎಳೆದಿರುತ್ತೇವೆ. ಬರೆಯುವಾಗ ಆ ಗೆರೆ ದಾಟಿದರೆ ತಡೆಯುವವರು ಯಾರೂ ಇಲ್ಲ. ದಾಟಿದ್ದು ಪಕ್ಕದವರ ಜಾಗಕ್ಕೆ ಬೀಳುತ್ತದೆ, ಅಲ್ಲಿದ್ದದ್ದು ಅಳಿಯುತ್ತದೆ. ಇದಕ್ಕೆ ಮೆಮೊರಿ ಕರಪ್ಷನ್ ಎನ್ನುತ್ತಾರೆ. ಜಾಗವನ್ನು ಹಿಂದಕ್ಕೆ ಕೊಟ್ಟ ಮೇಲೂ ಅದರಲ್ಲಿ ಬರೆಯುವುದು ಇದರದ್ದೇ ಇನ್ನೊಂದು ರೂಪ. ಬಾಡಿಗೆ ಮನೆ ಬಿಟ್ಟ ಮೇಲೂ ಹಳೇ ಕೀಲಿಕೈ ಇಟ್ಟುಕೊಂಡು ಒಳಗೆ ಹೋಗಿ ಸಾಮಾನು ಇಟ್ಟ ಹಾಗೆ. ಅಷ್ಟರಲ್ಲಿ ಅಲ್ಲಿ ಬೇರೆ ಯಾರೋ ವಾಸವಿರುತ್ತಾರೆ.

ಇದು ಕಲಿಯುವವರು ಮಾತ್ರ ಮಾಡುವ ತಪ್ಪು ಎಂದುಕೊಳ್ಳಬೇಡಿ. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಹರಡಿ ಸಾವಿರಾರು ಕಂಪ್ಯೂಟರುಗಳನ್ನು ಮಲಗಿಸಿದ ಮಾರಿಸ್ ವರ್ಮ್ ಒಳನುಗ್ಗಿದ ದಾರಿಗಳಲ್ಲಿ ಒಂದು ಇದೇ. ಫಿಂಗರ್ ಎಂಬ ಸೇವೆಯ ಪ್ರೋಗ್ರಾಂ 512 ಬೈಟ್ ಜಾಗ ಇಟ್ಟುಕೊಂಡಿತ್ತು, ವರ್ಮ್ ಅದಕ್ಕೆ 536 ಬೈಟ್ ಕಳಿಸಿತು. ಸಾಲನ್ನು ಓದುವ ಗೆಟ್ಸ್ ಎಂಬ ಫಂಕ್ಷನ್ ಎಷ್ಟು ಜಾಗ ಉಂಟು ಎಂದು ಕೇಳುವುದೇ ಇಲ್ಲ. 2011ರ ಸಿ ಭಾಷೆಯ ಮಾನದಂಡದಲ್ಲಿ ಆ ಫಂಕ್ಷನನ್ನೇ ತೆಗೆದುಹಾಕಿದರು.

ಈ ಜಾತಿಯ ತಪ್ಪನ್ನು ಹುಡುಕುವುದು ಯಾಕೆ ಕಷ್ಟ? ತಪ್ಪು ಮಾಡಿದವನು ಒಂದು ಕಡೆ, ಪೆಟ್ಟು ತಿಂದವನು ಇನ್ನೊಂದು ಕಡೆ. ಗೆರೆ ದಾಟಿ ಬರೆದ ಕೋಡಿಗೆ ಏನೂ ಆಗುವುದಿಲ್ಲ, ಅದು ತನ್ನ ಕೆಲಸ ಮುಗಿಸಿ ಹೋಗಿರುತ್ತದೆ. ಎಷ್ಟೋ ಹೊತ್ತಿನ ಮೇಲೆ ಬೇರೆ ಯಾವುದೋ ಕೋಡ್ ಆ ಹಾಳಾದ ಜಾಗವನ್ನು ಓದುತ್ತದೆ, ಅಲ್ಲಿ ಪ್ರೋಗ್ರಾಂ ಬೀಳುತ್ತದೆ ಅಥವಾ ತಪ್ಪು ಉತ್ತರ ಕೊಡುತ್ತದೆ. ನೋಡುವವರಿಗೆ ಕಾಣುವುದು ಬಿದ್ದ ಜಾಗ ಮಾತ್ರ. ಅಲ್ಲಿ ನಿಂತವನೇ ಅಪರಾಧಿ ಎಂದು ಅನಿಸುತ್ತದೆ.

ಏಳನೆಯ ವಾರವೂ ಅಜ್ಜಿ ಬಂದರು. ಈ ಸಲ ಸಿಟ್ಟಿರಲಿಲ್ಲ. "ದುಡ್ಡು ಹೋಗಲಿ ಮಕ್ಕಳೇ. ಆ ಹುಡುಗ ನನ್ನ ಮುಖ ನೋಡುವುದಿಲ್ಲ ಈಗ. ಅವನು ತೆಗೆದಿದ್ದಾನೆ ಅಂತ ನಾನು ಹೇಳಲೇ ಇಲ್ಲವಲ್ಲ. ಲೆಕ್ಕ ಹೊಂದುವುದಿಲ್ಲ ಅಂತ ಹೇಳಿದ್ದು." ಅವತ್ತು ರಾತ್ರಿ ನಮ್ಮಲ್ಲೊಬ್ಬಳು, "ನಾವು ಆ ಪುಸ್ತಕವನ್ನು ತೆರೆದೇ ನೋಡಲಿಲ್ಲ ಅಲ್ಲವಾ?" ಎಂದು ಮೆಸೇಜ್ ಹಾಕಿದಳು. ಮರುದಿನ ಹೋಗಿ ಕೇಳಿ ತಂದೆವು. ಅಜ್ಜಿಯ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟೆವು. ಏಳು ವಾರದ ಲೆಕ್ಕ, ಎರಡು ಬೇರೆ ಬೇರೆ ಕೈಬರಹ, ಒಂದು ಪೈಸೆಯೂ ವ್ಯತ್ಯಾಸವಿಲ್ಲ. ಬೇರೆಯಾಗಿದ್ದದ್ದು ಕಂಪ್ಯೂಟರ್ ಮಾತ್ರ.

ಸುದೈವಕ್ಕೆ ನಮ್ಮ ಪ್ರೋಗ್ರಾಂ ಪ್ರತಿ ಹೊತ್ತಿನ ಕೊನೆಗೆ ಬಾಕಿಯ ಫೈಲಿನ ಒಂದು ಪ್ರತಿಯನ್ನು ತಾರೀಕು ಹಾಕಿ ಎತ್ತಿಡುತ್ತಿತ್ತು. ವಾರಕ್ಕೆ ಹದಿನಾಲ್ಕು, ಏಳು ವಾರಕ್ಕೆ ತೊಂಬತ್ತೆಂಟು ಪ್ರತಿ. ಒಂದೊಂದನ್ನೇ ಪುಸ್ತಕದೊಂದಿಗೆ ಹೋಲಿಸಿ ಎಷ್ಟು ಕಡಿಮೆ ಎಂದು ಕಾಗದದಲ್ಲಿ ಬರೆಯುತ್ತಾ ಹೋದೆವು. ವಾರದ ಮೊದಲ ಹೊತ್ತಿನಲ್ಲಿ ವ್ಯತ್ಯಾಸವೇ ಇಲ್ಲ. ಆಮೇಲೆ 38 ಪೈಸೆ, 2 ರೂಪಾಯಿ 6 ಪೈಸೆ, 91 ಪೈಸೆ, 1 ರೂಪಾಯಿ 72 ಪೈಸೆ. ಕ್ರಮವೇ ಇಲ್ಲ. ಆದರೆ ಒಂದು ವಿಚಿತ್ರ: ಯಾವತ್ತೂ ಹೆಚ್ಚಾಗಿಲ್ಲ, ಮತ್ತು ಯಾವ ಹೊತ್ತಿನಲ್ಲೂ 2 ರೂಪಾಯಿ 54 ಪೈಸೆ ದಾಟಿಲ್ಲ. ಕದಿಯುವವನು ಹೀಗೆ ಲೆಕ್ಕ ಇಟ್ಟು ಕದಿಯುತ್ತಾನಾ?

ದುಡ್ಡನ್ನು ನಾವು ಪೈಸೆಯಲ್ಲಿ ಇಡುತ್ತಿದ್ದೆವು. ಎರಡು ರೂಪಾಯಿ ಐವತ್ತೈದು ಪೈಸೆ ಎಂದರೆ 255. ಒಂದು ಬೈಟಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 255. ಅದು ಹೊಳೆದಾಗ ನಮಗೆ ಖುಷಿಯಾಗಲಿಲ್ಲ, ಹೊಟ್ಟೆಯಲ್ಲಿ ತಣ್ಣಗಾಯಿತು.

ಒಂದು ಸೋಮವಾರದ ಲೆಕ್ಕ ತೆಗೆದುಕೊಂಡೆವು. ಬೆಳಿಗ್ಗೆಯ ಪ್ರತಿಯಲ್ಲಿ ಬಾಕಿ 229 ರೂಪಾಯಿ 90 ಪೈಸೆ. ಸಂಜೆಯ ಹಾಲಿಗೆ 46 ರೂಪಾಯಿ 20 ಪೈಸೆ. ಒಟ್ಟು 276 ರೂಪಾಯಿ 10 ಪೈಸೆ ಆಗಬೇಕು, ಆಗಿದ್ದದ್ದು 274 ರೂಪಾಯಿ 4 ಪೈಸೆ. ಅದರಿಂದ ಸಂಜೆಯ ಹಾಲಿನ ದುಡ್ಡು ಕಳೆದರೆ 227 ರೂಪಾಯಿ 84 ಪೈಸೆ, ಅಂದರೆ 22784 ಪೈಸೆ. ಇದು 256ರ ಸರಿಯಾದ 89 ಪಟ್ಟು. ಬೇರೆ ದಿನಗಳನ್ನೂ ನೋಡಿದೆವು, ಎಲ್ಲವೂ 256ರಿಂದ ನಿಶ್ಶೇಷವಾಗಿ ಭಾಗವಾಗುತ್ತಿತ್ತು. ಬಾಕಿಯ ಸಂಖ್ಯೆ ನಾಲ್ಕು ಬೈಟಿನದ್ದು. ಅದರ ಕೊನೆಯ, ಅತಿ ಸಣ್ಣ ಬೆಲೆಯ ಬೈಟನ್ನು ಯಾರೋ ಪ್ರತಿ ಹೊತ್ತೂ ಸೊನ್ನೆ ಮಾಡುತ್ತಿದ್ದರು. ಇದು ನಾವು ಕಲಿತ ಮೊದಲ ಉಪಾಯ: ಹಾಳಾದ ಸಂಖ್ಯೆಯನ್ನು "ತಪ್ಪು" ಎಂದು ಬಿಸಾಡಬೇಡಿ, ಅದು ಹೇಗೆ ತಪ್ಪಾಗಿದೆ ಎಂದು ನೋಡಿ. ಮೇಲೆ ಬಿದ್ದದ್ದು ಏನು ಎಂಬ ಗುರುತು ಅದರಲ್ಲೇ ಇರುತ್ತದೆ.

ಎರಡನೆಯದು, ತಪ್ಪನ್ನು ನಮ್ಮ ಕಣ್ಣೆದುರು ಮತ್ತೆ ಆಗಿಸುವುದು. ಲ್ಯಾಪ್‌ಟಾಪಿನಲ್ಲಿ ಯಾಕೆ ಸರಿ ಬರುತ್ತಿತ್ತು? ನಾವು ಪರೀಕ್ಷೆಗೆ ಇಟ್ಟುಕೊಂಡಿದ್ದದ್ದು ಹಳೇ ಇಂಗ್ಲಿಷ್ ಹೆಸರಿನ ಫೈಲ್. ಕೇಂದ್ರದಿಂದ ಅಲ್ಲಿಯದ್ದೇ ಫೈಲುಗಳನ್ನು ಪೂರ್ತಿ ತಂದು ಓಡಿಸಿದೆವು, ಕೂಡಲೇ ಎರಡು ರೂಪಾಯಿ ಆರು ಪೈಸೆ ಮಾಯವಾಯಿತು. "ನಮ್ಮಲ್ಲಿ ಸರಿ ಉಂಟು" ಎನ್ನುವ ಮಾತಿಗೆ ಎಷ್ಟು ಬೆಲೆ ಎಂದು ಅವತ್ತು ಗೊತ್ತಾಯಿತು.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆವು. ಕೂಡಿಸುವ ಫಂಕ್ಷನಿನಲ್ಲಿ ಅಲ್ಲಲ್ಲಿ ಪ್ರಿಂಟ್‌ಎಫ್ ಹಾಕಿದೆವು. ಕೂಡಿಸುವಿಕೆ ಸರಿಯಾಗಿಯೇ ಇತ್ತು, ತಪ್ಪು ಅದಕ್ಕಿಂತ ಮೊದಲೇ ಆಗಿತ್ತು. ಒಂದು ಎಚ್ಚರಿಕೆ: ಈ ಜಾತಿಯ ಬಗ್‌ಗಳು ಎಷ್ಟೋ ಸಲ ಪ್ರಿಂಟ್‌ಎಫ್ ಸೇರಿಸಿದ ಕೂಡಲೇ ಕಾಣೆಯಾಗುತ್ತವೆ. ಹೊಸ ಸಾಲು ಸೇರಿದಾಗ ಮೆಮೊರಿಯಲ್ಲಿ ವಸ್ತುಗಳ ಜಾಗ ಬದಲಾಗಿ, ದಾಟಿ ಬಂದದ್ದು ಯಾರಿಗೂ ಬೇಡದ ಜಾಗದಲ್ಲಿ ಬೀಳುತ್ತದೆ. ನೋಡಲು ಹೋದರೆ ಅಡಗುವ ಇಂಥ ಬಗ್‌ಗೆ ಭೌತವಿಜ್ಞಾನಿ ಹೈಸನ್‌ಬರ್ಗ್ ಹೆಸರಿನಿಂದ ಹೈಸನ್‌ಬಗ್ ಎಂದು ಹೆಸರಿಟ್ಟಿದ್ದಾರೆ. ಮಾಯವಾದರೆ ಸರಿಯಾಯಿತು ಎಂದು ತಿಳಿಯಬಾರದು.

ಮುಂದೆ ವಾಲ್‌ಗ್ರಿಂಡ್ ಹಾಕಿದೆವು. ಜೂಲಿಯನ್ ಸಿವಾರ್ಡ್ ಶುರು ಮಾಡಿ 2002ರಲ್ಲಿ ಹೊರಬಂದ ಸಾಧನ ಇದು, ಉಚಿತವಾಗಿ ಸಿಗುತ್ತದೆ. ನಮ್ಮ ಪ್ರೋಗ್ರಾಮನ್ನು ತನ್ನೊಳಗೆ ಇಟ್ಟುಕೊಂಡು ಓಡಿಸಿ, ಕೇಳಿ ಪಡೆದ ಮೆಮೊರಿಯ ಗಡಿ ದಾಟಿದರೆ, ಹಿಂದಕ್ಕೆ ಕೊಟ್ಟದ್ದನ್ನು ಮುಟ್ಟಿದರೆ, ಏನೂ ತುಂಬದ ಜಾಗದ ಬೆಲೆಯನ್ನು ನಂಬಿ ನಡೆದರೆ ಹೇಳುತ್ತದೆ. ಪ್ರೋಗ್ರಾಂ ಹತ್ತಾರು ಪಟ್ಟು ನಿಧಾನವಾಗುತ್ತದೆ, ಅದಕ್ಕೆ ತಾಳ್ಮೆ ಬೇಕು. ಕಾದೆವು. ಕೊನೆಗೆ ಬಂದ ಉತ್ತರ: ತಪ್ಪು ಸೊನ್ನೆ. ಅಡ್ರೆಸ್ ಸ್ಯಾನಿಟೈಸರ್ ಹಾಕಿದೆವು. ಗೂಗಲ್‌ನ ಇಂಜಿನಿಯರುಗಳು ಮಾಡಿದ್ದು, ಈಗ ಜಿಸಿಸಿ ಮತ್ತು ಕ್ಲ್ಯಾಂಗ್ ಎರಡರಲ್ಲೂ ಸಿಗುತ್ತದೆ. ಪ್ರತಿ ವಸ್ತುವಿನ ಆಚೀಚೆ ಮುಟ್ಟಬಾರದ ಪಟ್ಟಿ ಬಿಡುತ್ತದೆ. ಸುಮಾರು ಎರಡು ಪಟ್ಟು ನಿಧಾನ, ಅಷ್ಟೇ. ಅದೂ ಸುಮ್ಮನಿತ್ತು.

ಇಲ್ಲಿ ನಮಗೆ ಒಂದು ಕ್ಷಣ ಆಸೆಯಾಯಿತು. ಎರಡು ದೊಡ್ಡ ಸಾಧನಗಳು ತಪ್ಪಿಲ್ಲ ಎನ್ನುತ್ತಿವೆ, ಹಾಗಾದರೆ ನಮ್ಮದು ಸರಿಯೇ ಇರಬಹುದು ಎಂದು. ಆದರೆ ಟೇಬಲ್ಲಿನ ಮೇಲೆ ಅಜ್ಜಿಯ ಕ್ಯಾಲೆಂಡರ್ ಇತ್ತು.

ಅವು ಯಾಕೆ ಸುಮ್ಮನಿದ್ದವು ಎಂದು ಆಮೇಲೆ ಅರ್ಥವಾಯಿತು. ನಮ್ಮ ಎಲ್ಲ ಸದಸ್ಯರ ಲೆಕ್ಕ ಒಂದೇ ದೊಡ್ಡ ಅರೇಯಲ್ಲಿತ್ತು. ಸಾಧನಗಳ ಕಣ್ಣಿಗೆ ಅದು ಒಂದೇ ಆಸ್ತಿ, ಅವು ನೋಡುವುದು ಹೊರಗಿನ ಬೇಲಿಯನ್ನು. ಒಂದೇ ಬೇಲಿಯ ಒಳಗೆ 57ನೆಯವರ ಜಾಗದಿಂದ 58ನೆಯವರ ಜಾಗಕ್ಕೆ ಏನಾದರೂ ಹರಿದರೆ ಅವುಗಳಿಗೆ ಅದು ಮನೆಯೊಳಗಿನ ವಿಷಯ.

ಹಿಡಿದುಕೊಟ್ಟದ್ದು ಡಿಬಗ್ಗರ್ ಜಿಡಿಬಿ. ಅದರಲ್ಲಿ ವಾಚ್‌ಪಾಯಿಂಟ್ ಎಂಬುದುಂಟು. ಬ್ರೇಕ್‌ಪಾಯಿಂಟ್ ಎಂದರೆ ಕೋಡಿನ ಒಂದು ಸಾಲಿಗೆ ಬಂದಾಗ ನಿಲ್ಲು ಎನ್ನುವುದು. ವಾಚ್‌ಪಾಯಿಂಟ್ ಎಂದರೆ ಮೆಮೊರಿಯ ಈ ಜಾಗ ಬದಲಾದ ಕೂಡಲೇ ನಿಲ್ಲು ಎನ್ನುವುದು, ಯಾರು ಬದಲಿಸಿದರೂ ಸರಿ. ನಮ್ಮಲ್ಲಿರುವ ಸಾಮಾನ್ಯ ಕಂಪ್ಯೂಟರುಗಳ ಪ್ರೊಸೆಸರಿನಲ್ಲೇ ಇದಕ್ಕೆಂದು ನಾಲ್ಕು ರಿಜಿಸ್ಟರುಗಳಿವೆ, ಆದ್ದರಿಂದ ಪ್ರೋಗ್ರಾಂ ನಿಧಾನವಾಗುವುದೂ ಇಲ್ಲ. ಅಜ್ಜಿಯ ಬಾಕಿಯ ಮೇಲೆ ಕಾವಲು ಇಟ್ಟು ಓಡಿಸಿದೆವು. ಮೊದಲ ಸಲ ನಿಂತಿತು: ಬಾಕಿಯ ಫೈಲಿನಿಂದ 22990 ಓದಿದ ಜಾಗ. ಅದು ಸರಿ. ಮುಂದುವರಿಸಿದೆವು. ಎರಡನೆಯ ಸಲ ನಿಂತಿತು: ಹಳೇ ಬೆಲೆ 22990, ಹೊಸ ಬೆಲೆ 22784. ನಿಂತ ಸಾಲು ದುಡ್ಡಿಗೆ ಸಂಬಂಧವೇ ಇಲ್ಲದ್ದು. ಕನ್ನಡದ ಹೆಸರು ಓದುವ ನಮ್ಮ ಹೊಸ ಫಂಕ್ಷನ್. ಅದು ಓದುತ್ತಿದ್ದದ್ದು ಅಜ್ಜಿಯ ಹೆಸರನ್ನೂ ಅಲ್ಲ, ಅವರ ಮೇಲಿನ ಸಾಲಿನವರ ಹೆಸರನ್ನು.

ಹೆಸರಿಗೆ ನಾವು 48 ಬೈಟ್ ಜಾಗ ಇಟ್ಟಿದ್ದೆವು. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಆದ್ದರಿಂದ ಧಾರಾಳವಾಯಿತು. ಕನ್ನಡ ಹಾಗಲ್ಲ. ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಅದರಲ್ಲೂ ಕಾಗುಣಿತದ ಚಿಹ್ನೆಗಳನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. "ಕಾಸರಗೋಡು" ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರಿಗೆ ಎಂಟು ಸಂಕೇತ, 24 ಬೈಟ್. 48 ಬೈಟಿನಲ್ಲಿ ಹದಿನಾರು ಸಂಕೇತ ಮಾತ್ರ ಹಿಡಿಯುತ್ತದೆ. ಹೆಚ್ಚಿನವರ ಹೆಸರು ಅದರೊಳಗೆ ಕೂತಿತ್ತು. ಒಂದೇ ಹೆಸರಿನವರು ಇಬ್ಬರಿದ್ದಲ್ಲಿ ಮಾತ್ರ ಗುರುತಿಗೆ ಮನೆ ಹೆಸರನ್ನೂ ಸೇರಿಸಿದ್ದೆವು. ಅಂಥ ನಾಲ್ಕು ಹೆಸರು ಉದ್ದವಾಗಿದ್ದವು.

ಉದ್ದವಾದರೆ 48ಕ್ಕೆ ಕತ್ತರಿಸು ಎಂದು ನಾವು ಬರೆದೇ ಇದ್ದೆವು, ಅಷ್ಟು ಬುದ್ಧಿ ಇತ್ತು. ಆದರೆ ಸಿ ಭಾಷೆಯಲ್ಲಿ ಪ್ರತಿ ಹೆಸರಿನ ಕೊನೆಗೆ ಇಲ್ಲಿಗೆ ಮುಗಿಯಿತು ಎನ್ನುವ ಗುರುತಿಗೆ ಒಂದು ಸೊನ್ನೆ ಬೈಟ್ ಹಾಕಬೇಕು. 48 ಬೈಟ್ ತುಂಬಿದ ಮೇಲೆ ಆ ಸೊನ್ನೆ ಹೋಗಿ ಬೀಳುವುದು 49ನೆಯ ಜಾಗಕ್ಕೆ. ಅಲ್ಲಿಂದ ಮುಂದಿನ ಸದಸ್ಯರ ಸಾಲು ಶುರು, ಸಾಲಿನಲ್ಲಿ ಮೊದಲು ಇದ್ದದ್ದು ಬಾಕಿ. ನಮ್ಮ ಕಂಪ್ಯೂಟರುಗಳು ಸಂಖ್ಯೆಯ ಸಣ್ಣ ಬೆಲೆಯ ಬೈಟನ್ನು ಮೊದಲು ಇಡುತ್ತವೆ. ಹಾಗಾಗಿ ಸೊನ್ನೆ ಸರಿಯಾಗಿ ಪೈಸೆಯ ಮೇಲೆ ಬಿತ್ತು. ದೊಡ್ಡ ಬೆಲೆಯ ಬೈಟನ್ನು ಮೊದಲು ಇಡುವ ಜಾತಿಯ ಕಂಪ್ಯೂಟರ್ ಆಗಿದ್ದರೆ ಆ ಸೊನ್ನೆ ಮೊದಲೇ ಇದ್ದ ಸೊನ್ನೆಯ ಮೇಲೆ ಬಿದ್ದು ಯಾರಿಗೂ ಏನೂ ಆಗುತ್ತಿರಲಿಲ್ಲ. ತಪ್ಪು ಮಾತ್ರ ಹಾಗೆಯೇ ಇರುತ್ತಿತ್ತು.

ಇನ್ನೊಂದು ಸಂಗತಿ ಹೇಳಲೇಬೇಕು. ಪ್ರಿಂಟ್ ಆದ ಪಟ್ಟಿಯಲ್ಲಿ ಅಜ್ಜಿಯ ಮೇಲಿನ ಹೆಸರಿನ ಕೊನೆಯ ಅಕ್ಷರ ಒಡೆದು, ಅದರ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆಯ ಡಬ್ಬಿ ಬರುತ್ತಿತ್ತು. ಮೂರು ಬೈಟಿನ ಸಂಕೇತವನ್ನು ನಡುವಿನಲ್ಲಿ ಕತ್ತರಿಸಿದ್ದರಿಂದ ಹಾಗೆ. ಏಳು ವಾರ ಅದು ನಮ್ಮ ಕಣ್ಣೆದುರೇ ಇತ್ತು. "ಫಾಂಟಿನ ಸಮಸ್ಯೆ ಇರಬೇಕು" ಎಂದು ನಕ್ಕು ಬಿಟ್ಟಿದ್ದೆವು.

ನಾಲ್ಕು ಉದ್ದ ಹೆಸರುಗಳಲ್ಲಿ ಒಂದು ಪಟ್ಟಿಯ ಕೊನೆಯದ್ದು, ಅದರ ಸೊನ್ನೆ ಖಾಲಿ ಸಾಲಿಗೆ ಬೀಳುತ್ತಿತ್ತು. ಉಳಿದ ಮೂರರ ಕೆಳಗಿನವರು ಪ್ರತಿ ಹೊತ್ತೂ ದುಡ್ಡು ಕಳೆದುಕೊಂಡಿದ್ದರು. ಒಬ್ಬರು ಈ ಅಜ್ಜಿ. ಇನ್ನೊಬ್ಬರಿಗೆ ಗೊತ್ತೇ ಆಗಿರಲಿಲ್ಲ. ಮೂರನೆಯವರು ನಮ್ಮಲ್ಲೊಬ್ಬನ ಅಮ್ಮ. "ನೀವೇ ಮಾಡಿದ ಪ್ರೋಗ್ರಾಂ ಅಲ್ಲವಾ, ನಾನು ಯಾಕೆ ಲೆಕ್ಕ ನೋಡಲಿ?" ಎಂದರು ಅಮ್ಮ.

ಸರಿ ಮಾಡಲಿಕ್ಕೆ ಹಿಡಿದದ್ದು ಐದು ನಿಮಿಷ. ಕೊನೆಯ ಸೊನ್ನೆಗೆ ಜಾಗ ಬಿಟ್ಟು 47ಕ್ಕೆ ಕತ್ತರಿಸಿದೆವು, ಸಂಕೇತದ ನಡುವೆ ಕತ್ತರಿ ಬೀಳದ ಹಾಗೆ ಹಿಂದಕ್ಕೆ ಸರಿಸಿದೆವು, ಆಮೇಲೆ ಜಾಗವನ್ನೇ ದೊಡ್ಡದು ಮಾಡಿದೆವು. ಆದರೆ ಇನ್ನು ಮುಂದೆ ಹೀಗಾದರೆ ಕೂಡಲೇ ಗೊತ್ತಾಗಬೇಕಲ್ಲ. ನಮ್ಮ ಕಡೆ ಕಾಡುಹಂದಿಗೆ ಕರೆಂಟ್ ಬೇಲಿ ಹಾಕುವುದು ನಿಮಗೆ ಗೊತ್ತು. ಬ್ರೂಸ್ ಪೆರೆನ್ಸ್ ಎಂಬವರು 1987ರಲ್ಲಿ ಬರೆದ ಒಂದು ಸಾಧನದ ಹೆಸರೇ ಎಲೆಕ್ಟ್ರಿಕ್ ಫೆನ್ಸ್. ಕೇಳಿ ಪಡೆದ ಪ್ರತಿಯೊಂದು ಜಾಗದ ಕೊನೆಗೂ ತಾಗಿಕೊಂಡು ಮುಟ್ಟಬಾರದ ಒಂದು ಪುಟವನ್ನು ಇಡುತ್ತದೆ. ದಾಟಿದರೆ ಪ್ರೋಗ್ರಾಂ ಅಲ್ಲೇ, ತಪ್ಪು ಮಾಡಿದ ಸಾಲಿನಲ್ಲೇ ಬೀಳುತ್ತದೆ. ಬೀಳುವುದು ಕೆಟ್ಟದ್ದಲ್ಲ ಎಂದು ನಮಗೆ ಆಗ ಅರ್ಥವಾಯಿತು. ತಪ್ಪಿದ ಜಾಗದಲ್ಲೇ ಬಿದ್ದರೆ ಬೇರೆಯವರ ಮೇಲೆ ಅಪವಾದ ಬರುವುದಿಲ್ಲ.

ಅದೇ ಯೋಚನೆಯಲ್ಲಿ ನಾವು ಪರೀಕ್ಷೆಯ ಪ್ರೋಗ್ರಾಮಿನಲ್ಲಿ ದೊಡ್ಡ ಅರೇ ಬಿಟ್ಟು, ಪ್ರತಿ ಸದಸ್ಯರಿಗೂ ಮ್ಯಾಲಾಕ್‌ನಿಂದ ಬೇರೆ ಬೇರೆ ಜಾಗ ಕೇಳಿ ತೆಗೆದುಕೊಂಡೆವು. ಹಳೇ ತಪ್ಪನ್ನು ಬೇಕೆಂದೇ ವಾಪಸು ಹಾಕಿ ಅಡ್ರೆಸ್ ಸ್ಯಾನಿಟೈಸರ್ ಓಡಿಸಿದರೆ, ಮೊದಲು ಸುಮ್ಮನಿದ್ದದ್ದು ಈಗ ಒಂದೇ ಕ್ಷಣದಲ್ಲಿ ಕೂಗಿತು: 56 ಬೈಟ್ ಜಾಗದ ಗಡಿಯಾಚೆ ಒಂದು ಬೈಟ್ ಬರೆಯಲಾಗಿದೆ, ಇಂಥ ಫೈಲು, ಇಂಥ ಸಾಲು. ಸಾಧನ ದಡ್ಡನಾಗಿರಲಿಲ್ಲ, ನಾವು ಅದಕ್ಕೆ ಗಡಿ ತೋರಿಸಿರಲಿಲ್ಲ. ಕೇಂದ್ರದಲ್ಲಿ ಓಡುವ ಪ್ರೋಗ್ರಾಮಿನಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಕಾವಲು ಸಂಖ್ಯೆ ಇಟ್ಟೆವು. ಹಿಂದೆ ಗಣಿಯೊಳಗೆ ವಿಷಗಾಳಿ ಉಂಟಾ ಎಂದು ತಿಳಿಯಲಿಕ್ಕೆ ಕೆನರಿ ಹಕ್ಕಿ ಒಯ್ಯುತ್ತಿದ್ದರಂತೆ, ಇದಕ್ಕೂ ಕೆನರಿ ಎಂದೇ ಹೆಸರು. ಉಳಿಸುವ ಮೊದಲು ಎಲ್ಲ ಕೆನರಿಗಳೂ ಹಾಗೆಯೇ ಇವೆಯಾ ಎಂದು ನೋಡುತ್ತದೆ, ಒಂದು ಬದಲಾದರೂ ಉಳಿಸದೆ ನಿಲ್ಲುತ್ತದೆ.

ಆರ್‌ಆರ್ ಎಂಬ ಇನ್ನೊಂದು ಸಾಧನವನ್ನು ಆಮೇಲೆ ಕಲಿತೆವು, ಮೊಜಿಲ್ಲಾದವರು ಶುರು ಮಾಡಿದ್ದು. ಪ್ರೋಗ್ರಾಂ ಓಡಿದ್ದನ್ನು ಒಮ್ಮೆ ದಾಖಲಿಸಿಕೊಂಡರೆ ಹಿಂದಕ್ಕೂ ಓಡಿಸಬಹುದು. ಹಾಳಾದ ಜಾಗದಲ್ಲಿ ನಿಂತು, ಇದನ್ನು ಕೊನೆಗೆ ಬರೆದವರು ಯಾರು ಎಂದು ಹಿಂದಕ್ಕೆ ನಡೆದುಕೊಂಡು ಹೋಗುವುದು. ರಸ್ಟ್‌ನಂಥ ಹೊಸ ಭಾಷೆಗಳಲ್ಲಿ ಗಡಿ ದಾಟುವುದನ್ನು ಭಾಷೆಯೇ ತಡೆಯುತ್ತದೆ, ಹೊಸದಾಗಿ ಶುರು ಮಾಡುವವರು ಅದನ್ನೂ ನೋಡಿ. ಆದರೆ ಸಿ ಭಾಷೆಯಲ್ಲಿ ಬರೆದದ್ದು ಲೋಕದಲ್ಲಿ ತುಂಬಾ ಉಂಟು, ಅದನ್ನು ನೋಡಿಕೊಳ್ಳುವವರೂ ಬೇಕು.

ಪುಸ್ತಕದ ಲೆಕ್ಕ ಹಿಡಿದು ಮೂವರಿಗೂ ಏಳು ವಾರದ ವ್ಯತ್ಯಾಸ ಹಾಕಿದೆವು. ಎಲ್ಲ ಸೇರಿ ಮುನ್ನೂರ ಚಿಲ್ಲರೆ ರೂಪಾಯಿ. ನಮ್ಮ ಕೈಯಿಂದ ಕೊಟ್ಟೆವು. ಅದು ಸುಲಭದ ಕೆಲಸ. ಶನಿವಾರ ಸಂಜೆ, ಅದೇ ಜಾಗದಲ್ಲಿ, ಅದೇ ಜನರ ಎದುರು ನಿಂತು, "ತಪ್ಪು ನಮ್ಮದು, ಅಣ್ಣನದ್ದಲ್ಲ, ಅವನ ಪುಸ್ತಕ ಮೊದಲಿನಿಂದಲೂ ಸರಿ ಇತ್ತು" ಎಂದು ಹೇಳುವುದು ಕಷ್ಟವಾಯಿತು. ನಮ್ಮಲ್ಲಿ ಮಾತು ಬರುವವನಿಗೂ ಗಂಟಲು ಕಟ್ಟಿತು. ಯಾರೂ ಬೈಯಲಿಲ್ಲ.

ಅಣ್ಣ ಹಾಲಿನ ಕ್ಯಾನ್ ತೊಳೆಯುತ್ತಿದ್ದ. ನಾವು ಹತ್ತಿರ ಹೋಗಿ ನಿಂತಾಗ ನಳ್ಳಿ ನಿಲ್ಲಿಸಿ ಒಂದೇ ಮಾತು ಕೇಳಿದ: "ಅಲ್ಲ ಮಾರಾಯ್ರೆ, ನನ್ನ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿಕ್ಕೆ ನಿಮಗೆ ಎಂತ ಆಗಿತ್ತು?"

ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅವನು ಮತ್ತೆ ಕವರ್ ಹಂಚುತ್ತಾನೆ. ನಮ್ಮೊಂದಿಗೆ ಮೊದಲಿನ ಹಾಗೆ ಮಾತನಾಡುತ್ತಾನೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಾಲಿನ ಅಳತೆ ಕಂಪ್ಯೂಟರಿಗೆ ಹಾಕುವಾಗ ಪರದೆಯನ್ನು ಎದುರಿನವರ ಕಡೆ ತಿರುಗಿಸಿ, "ನೋಡಿ, ಸರಿ ಉಂಟಾ?" ಎಂದು ಕೇಳಿಯೇ ಒತ್ತುತ್ತಾನೆ. ಆ ಅಭ್ಯಾಸ ಅವನಿಗೆ ಬಂದದ್ದು ನಮ್ಮಿಂದ. ಅಜ್ಜಿ ಈಗಲೂ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಬರೆಯುವುದನ್ನು ನಿಲ್ಲಿಸಬೇಡಿ ಎಂದು ನಾವೇ ಕೇಳಿಕೊಂಡಿದ್ದೇವೆ.

ಕಂಪ್ಯೂಟರ್ ಓದುವ ಗೆಳೆಯರೇ, ನಿಮ್ಮ ಪ್ರೋಗ್ರಾಂ ಎಲ್ಲೋ ಬಿದ್ದಾಗ, ಲೆಕ್ಕ ತಪ್ಪಿದಾಗ, ಬಿದ್ದ ಸಾಲನ್ನೇ ಬೈಯುತ್ತಾ ಕೂರಬೇಡಿ. ಆ ಜಾಗದ ಮೇಲೆ ಕಾವಲು ಇಟ್ಟು, ಅದನ್ನು ಕೊನೆಗೆ ಬರೆದವರು ಯಾರು ಎಂದು ನೋಡಿ. ಸಾಧನಗಳು ಸುಮ್ಮನಿದ್ದರೆ ಅವುಗಳಿಗೆ ಏನು ಕಾಣುವುದಿಲ್ಲ ಎಂದು ತಿಳಿದುಕೊಳ್ಳಿ. ಪರೀಕ್ಷೆಗೆ ನಮ್ಮ ಊರಿನ ಉದ್ದುದ್ದ ಹೆಸರುಗಳನ್ನೇ, ನಮ್ಮ ಲಿಪಿಯಲ್ಲೇ ಹಾಕಿ. ಕಂಪ್ಯೂಟರ್ ಓದದ ಗೆಳೆಯರೇ, ನಿಮ್ಮ ಲೆಕ್ಕ ಹೊಂದದಿದ್ದರೆ, "ಕಂಪ್ಯೂಟರ್ ತಪ್ಪು ಮಾಡುವುದಿಲ್ಲ" ಎಂದು ನಮ್ಮಂಥವರು ಹೇಳಿದ ಕೂಡಲೇ ಒಪ್ಪಿಕೊಂಡು ಹಿಂದೆ ಹೋಗಬೇಡಿ. ಆ ಅಜ್ಜಿಯ ಹಾಗೆ ಕ್ಯಾಲೆಂಡರ್ ಹಿಡಿದುಕೊಂಡು ಮತ್ತೆ ಬನ್ನಿ.